ಕಾಶವ್ವನ ಒಡ್ಡು

ಶಾರ್ವರಿ ಸಂವತ್ಸರ, ಫಾಲ್ಗುಣ ಬಹುಳ ಅಷ್ಟಮಿ
ಹೂಳೂರು, ತೆಗ್ಗಿನ ಓಣಿ
(ನಿಮ್ಮ ಲೆಕ್ಕಕ್ಕೆ ೨೨೬೧ನೇ ಇಸವಿ, ಮಾರ್ಚ್ ತಿಂಗಳು)

ಹದಿನಾಲ್ಕು ಮೊಳ ಕೆಳಗಿರುವ ಹಿರಿಯರಿಗೆ ಕಾಶವ್ವ ಮಾಡುವ ಶರಣು.

ತಾರೀಕು ನೋಡಿ ಗಾಬರಿ ಬೀಳಬೇಡಿ. ನನಗೆ ಎಂಬತ್ತನಾಲ್ಕು ವರ್ಷವಾಗಿದ್ದರೂ ಇಸವಿ ತಪ್ಪಿ ಬರೆಯುವಷ್ಟು ಅರಳುಮರಳು ಇನ್ನೂ ಹತ್ತಿಲ್ಲ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹೂಳಿನಲ್ಲಿ ಸಿಕ್ಕ ಹಾಲಿನ ಪಾಕೀಟುಗಳ ಮೇಲಿನ ಬರಹದಿಂದ. ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ 'ತಂಪಾದ ಜಾಗದಲ್ಲಿ ಇಡಿ' ಎನ್ನುವ ಧಾಟಿ ಬಂದರೆ ಅದು ನನ್ನ ತಪ್ಪಲ್ಲ, ನಿಮ್ಮದೇ.

ಹದಿನಾಲ್ಕು ಮೊಳ ಎಂದರೇನು ಎಂದು ಹೇಳಿಬಿಡುತ್ತೇನೆ. ನೀವು ಹೊಳೆಗೆ ಅಡ್ಡ ಕಟ್ಟಿದ ಒಂದು ದೊಡ್ಡ ಅಣೆಕಟ್ಟು ಇತ್ತಲ್ಲ, ಅದರ ಹಿಂದಿನ ಸಮುದ್ರದಂಥ ಕೆರೆ ವರ್ಷ ವರ್ಷ ಹೂಳು ತುಂಬಿ ನೆಲವಾಯಿತು. ಆ ನೆಲದ ಮೇಲೆ ನಮ್ಮ ಊರಿದೆ. ಯಾವ ಅಣೆಕಟ್ಟು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಅದರ ಪಕ್ಕದ ಊರಿನವರು ಇಂದೇ ಗಂಟುಮೂಟೆ ಕಟ್ಟುತ್ತಾರೆ, ಆ ಪಾಪ ನನಗೆ ಬೇಡ. ಒಮ್ಮೆ ಕಟ್ಟಿಕೊಂಡದ್ದೇ ಸಾಕಾಗಿದೆ. ಹೂಳಿನ ಊರಿನಲ್ಲಿ ಕಾಲವೆಂದರೆ ಆಳ. ಬಾವಿ ತೋಡಿದರೆ ಗೋಡೆಯಲ್ಲಿ ವರ್ಷಗಳು ಪದರ ಪದರವಾಗಿ ಕಾಣುತ್ತವೆ. ನಿಮ್ಮ ಕಾಲದ ಪದರಗಳನ್ನು ಎಣಿಸುವುದು ಬಹಳ ಸುಲಭ, ಏಕೆಂದರೆ ಪ್ರತಿ ಭಾದ್ರಪದದಲ್ಲಿ ನೀವು ನೀರಿಗೆ ಬಿಟ್ಟ ಗಣಪ್ಪಗಳ ಬಣ್ಣ ಒಂದು ಗುಲಾಬಿ ಗೆರೆಯಾಗಿ ಉಳಿದಿದೆ. ನಾವು ಅದನ್ನು ಗಣಪ್ಪನ ಗೆರೆ ಎನ್ನುತ್ತೇವೆ. ಒಂದು ಗೆರೆಗೆ ಒಂದು ವರ್ಷ. ಎಣಿಸುತ್ತ ಎಣಿಸುತ್ತ ಇಳಿದರೆ ಹದಿನಾಲ್ಕನೆಯ ಮೊಳಕ್ಕೆ ನೀವು ಸಿಗುತ್ತೀರಿ, ನಿಮ್ಮ ಚಪ್ಪಲಿಗಳ ಸಮೇತ. ಎಷ್ಟು ಚಪ್ಪಲಿ ಮಾರಾಯರೇ! ಎರಡು ಕಾಲಿಗೆ ಅಷ್ಟು ಏತಕ್ಕೆ ಬೇಕಿತ್ತು ಎಂದು ನಮ್ಮ ಮಕ್ಕಳು ಕೇಳುತ್ತಾರೆ.

ನಮ್ಮಲ್ಲಿ ಮುಂಗಥೆ ಬರೆಯುವವರಿಗೆ ಒಂದು ಕಟ್ಟಳೆ ಇದೆ. ಮುಂಗಥೆ ಎಂದರೆ ಇನ್ನೂ ಬಾರದ ಕಾಲದ ಕಥೆ. ನಿಮ್ಮಲ್ಲೂ ಬರೆಯುವವರಿದ್ದರಂತೆ, ವಿಜ್ಞಾನ ಕಥೆ ಎನ್ನುತ್ತಿದ್ದಿರಂತೆ. ಇನ್ನು ಬರೆಯುವುದು ಸಾಕು ಅನ್ನಿಸಿದ ದಿನ ಆ ಬರಹಗಾರರು ತಮ್ಮ ಕಥೆಗಳನ್ನೆಲ್ಲ ತಿರುಗಿ ಓದಿ, ಹಿರಿಯರಿಗೆ ಒಂದು ಪತ್ರ ಬರೆದು, ಅದನ್ನು ಬಾವಿಯಲ್ಲಿ ಆ ಹಿರಿಯರ ಪದರಕ್ಕೆ ಇಳಿಸಿ ಮಣ್ಣು ಮೆತ್ತಬೇಕು. ಇದಕ್ಕೆ ತಳವೋಲೆ ಎನ್ನುತ್ತಾರೆ. ತಲುಪುತ್ತದೆಯೇ ಎಂದು ಕೇಳಬೇಡಿ. ನೀವೂ ಸತ್ತವರಿಗೆ ಎಡೆ ಇಡುತ್ತಿದ್ದಿರಿ, ಅವರು ಉಂಡರೋ ಇಲ್ಲವೋ ಎಂದು ಯಾರನ್ನು ಕೇಳಿದಿರಿ?

ನಾನು ಅಚ್ಚು ಹಾಕಿಸಿದ ಮುಂಗಥೆಗಳು ಮೂವತ್ತೊಂದು. ಪುಂಡಿನಾರಿನ ಹಾಳೆಯ ಮೇಲೆ, ಕಾಡಿಗೆಯ ಮಸಿಯಲ್ಲಿ. ಈ ವಾರ ಮುಚ್ಚುಹೊತ್ತಿನಲ್ಲಿ ಕೂತು ಎಲ್ಲವನ್ನೂ ಓದಿದೆ. ಮುಚ್ಚುಹೊತ್ತು ನಿಮಗಿರಲಿಲ್ಲ, ಪುಣ್ಯವಂತರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಮ್ಮ ಬಿಸಿಲಲ್ಲಿ ಹೊರಗೆ ಕಾಲಿಡಲಾಗುವುದಿಲ್ಲ, ಊರೆಲ್ಲ ಬಾಗಿಲು ಮುಚ್ಚಿ ಒಳಗಿರುತ್ತದೆ. ನಮ್ಮ ಮನೆಗಳು ಕೊಡಗೋಡೆಯವು. ಮಣ್ಣಿನ ಕೊಡಗಳನ್ನು ಒಂದರ ಪಕ್ಕ ಒಂದು, ಒಂದರ ಮೇಲೊಂದು ಇಟ್ಟು, ಸಂದಿಗೆ ಹೂಳು ಮೆತ್ತಿ ಕಟ್ಟಿದ ಗೋಡೆ. ಬಾಗಿಲ ಪಕ್ಕದ ದೊಡ್ಡ ಕೊಡಕ್ಕೆ ಬೆಳಿಗ್ಗೆ ನೀರು ಹೊಯ್ದರೆ ಅದು ಸಣ್ಣ ತೂತುಗಳಿಂದ ಉಳಿದ ಕೊಡಗಳಿಗೆ ಹರಿದು ಮನೆ ದಿನವಿಡೀ ತಂಪಾಗಿರುತ್ತದೆ. ಆ ದೊಡ್ಡದನ್ನು ತಾಯಿಕೊಡ ಎನ್ನುತ್ತೇವೆ. ಮನೆ ಕಟ್ಟುವಾಗ ಮೊದಲು ಕೂರಿಸುವುದು ಅದನ್ನೇ. ಅದನ್ನು ಕಿತ್ತರೆ ಗೋಡೆಯಲ್ಲಿ ಮತ್ತೆ ನೀರು ನಿಲ್ಲುವುದಿಲ್ಲ, ಮನೆ ಮನೆಯಾಗಿ ಉಳಿಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಯಾರಾದರೂ ತಾಯಿಕೊಡ ತೆಗೆದರು ಎಂದರೆ ಅವರು ಶಾಶ್ವತವಾಗಿ ಹೊರಟರು ಎಂದೇ ಅರ್ಥ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಯುಗಾದಿಯ ದಿನ ನಿಮ್ಮಲ್ಲಿ ಪಂಚಾಂಗ ಓದುತ್ತಿದ್ದರಲ್ಲ, ನಮ್ಮಲ್ಲೂ ಓದುತ್ತಾರೆ. ಅದು ಮುಗಿದ ಮೇಲೆ, ಅಂದು ಹುಟ್ಟಿದ ಹೊಸ ವರ್ಷದ ಬಗ್ಗೆ ಯಾರಾದರೂ ಹಿಂದೆ ಮುಂಗಥೆ ಬರೆದಿದ್ದರೆ ಅದನ್ನೂ ಊರ ಮುಂದೆ ಓದುತ್ತಾರೆ. ವರ್ಷ ಮುಗಿದು ಮುಂದಿನ ಯುಗಾದಿ ಬಂದಾಗ ತೀರ್ಪು. ಒಂದೊಂದೇ ವಾಕ್ಯ ಓದುವುದು, ಊರು 'ಖರೇ' ಅಥವಾ 'ಸುಳ್ಳು' ಎಂದು ಕೂಗುವುದು. ಬರೆದವರು ಬದುಕಿದ್ದರೆ ಕಟ್ಟೆಯ ಮೇಲೆ ಕೂತು ಕೇಳಬೇಕು. ಖರೇ ಅಂದರೆ ಒಂದು ಚೂರು ಬೆಲ್ಲ, ಸುಳ್ಳು ಅಂದರೆ ಒಂದು ಎಸಳು ಬೇವು, ಅಲ್ಲೇ ತಿನ್ನಬೇಕು. ನಾನು ಬಾಯಿ ಕಹಿ ಮಾಡಿಕೊಂಡೇ ಮುದುಕಿಯಾದವಳು. ಹತ್ತೊಂಬತ್ತನೇ ವಯಸ್ಸಿಗೆ ಬರೆದ ಮೊದಲ ಕಥೆಯಲ್ಲಿ, ನನಗೆ ನಲವತ್ತಾಗುವ ಹೊತ್ತಿಗೆ ಎಲ್ಲರೂ ಗಾಳಿಬಂಡಿ ಏರಿ ಸಂತೆಗೆ ಹಾರುತ್ತಾರೆ ಎಂದಿದ್ದೆ. ತೀರ್ಪಿಗೆ ಬಂದವರು ಸಂತೆಯಿಂದ ಎರಡು ದಿನ ಕತ್ತೆಗಾಡಿಯಲ್ಲಿ ಕೂತು ಸೊಂಟ ಹಿಡಿಸಿಕೊಂಡು ಬಂದಿದ್ದರು. ಬೇವು ಎರಡೂ ಕೈಯಲ್ಲಿ ಕೊಟ್ಟರು. ಇನ್ನೊಂದರಲ್ಲಿ ಮಿರ್ಚಿ ಭಜಿ ಎಂಬುದು ಮರೆತೇ ಹೋಗಿ ಜನ ಗುಳಿಗೆ ನುಂಗಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ ಎಂದು ಬರೆದೆ. ಕೈಯಲ್ಲಿ ಭಜಿ ಹಿಡಿದುಕೊಂಡೇ ಸುಳ್ಳು ಸುಳ್ಳು ಎಂದು ಕೂಗಿದರು, ಅದೂ ಬಾಯಿ ತುಂಬ ಇಟ್ಟುಕೊಂಡು.

ಬೆಲ್ಲ ಸಿಕ್ಕಿದ್ದು ಎಂಥದ್ದಕ್ಕೆ ಗೊತ್ತೇ? ಗಾಳಿಬಂಡಿಯ ಕಥೆಯಲ್ಲೇ ಒಂದು ಸಾಲಿತ್ತು: 'ಆಗಲೂ ಅತ್ತೆ ಸೊಸೆ ಬಾವಿಕಟ್ಟೆಯ ಮೇಲೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿರುತ್ತಾರೆ.' ಜಾಗ ತುಂಬಲೆಂದು ಬರೆದ ಸಾಲು. ಊರು ನಕ್ಕು ಖರೇ ಎಂದಿತು. ಮೂವತ್ತೊಂದು ಕಥೆಗಳಲ್ಲೂ ಇದೇ ಹಣೆಬರಹ. ತಲೆ ಕೆಡಿಸಿಕೊಂಡು ಕಟ್ಟಿದ ಯಂತ್ರ, ಬಂಡಿ, ಗೋಪುರ ಎಲ್ಲ ಸುಳ್ಳಾದವು. ಯೋಚಿಸದೆ ಬರೆದ ಮುನಿಸು, ಆಸೆ, ಹಟ ಖರೇ ಆದವು. ಇದನ್ನು ಇಪ್ಪತ್ತರಲ್ಲೇ ಯಾರಾದರೂ ಹೇಳಿದ್ದರೆ ಬಂಡಿಗಳ ಚಕ್ರ ಎಣಿಸುವುದನ್ನು ಬಿಟ್ಟು ಜನರ ಮುಖ ನೋಡುತ್ತಿದ್ದೆ.

ಇಷ್ಟಕ್ಕೇ ಆಗಿದ್ದರೆ ನಗುನಗುತ್ತ ಪತ್ರ ಮುಗಿಸುತ್ತಿದ್ದೆ. ಆದರೆ ಒಂದು ಕಥೆ ನನ್ನನ್ನು ಬಿಡುತ್ತಿಲ್ಲ.

ಹೊಳೆಗೂ ನಮ್ಮೂರಿಗೂ ನಡುವೆ ಮಣ್ಣು ಕಲ್ಲಿನ ಒಂದು ಉದ್ದನೆಯ ಒಡ್ಡಿದೆ. ಅದರ ಬುಡಕ್ಕೇ ನಮ್ಮ ತೆಗ್ಗಿನ ಓಣಿ, ಮುನ್ನೂರು ಮನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಆ ಒಡ್ಡು ಒಡೆದು ಓಣಿ ಮುಳುಗುವ ಕಥೆ ಬರೆದೆ. ಯಾವ ವರ್ಷ ಒಡೆಯುತ್ತದೆ ಎಂದು ಬರೆಯಬೇಕಲ್ಲ? ಪ್ಲವ ಸಂವತ್ಸರ ಎಂದು ಹಾಕಿದೆ. ಹೆಸರು ಕಿವಿಗೆ ಚೆನ್ನಾಗಿತ್ತು, ಅಷ್ಟೇ ಕಾರಣ. ಒಡ್ಡಿನ ಹತ್ತಿರ ಹೋಗಿ ಒಂದು ಕಲ್ಲು ಮುಟ್ಟಿ ನೋಡಿರಲಿಲ್ಲ. ಇಸವಿಯನ್ನೂ ಬರೆಯಲಿಲ್ಲ, ಬರೀ ಹೆಸರು. ಪ್ಲವ ಎರಡೇ ವರ್ಷಕ್ಕೆ ಬಂತು. ಯುಗಾದಿಯಲ್ಲಿ ಕಥೆ ಓದಿದರು. ನಾನು ಚೆನ್ನಾಗಿ ಬರೆದಿದ್ದೆ ಕಾಣುತ್ತದೆ, ಓಣಿಯ ನಲವತ್ತು ಮನೆಯವರು ಮಳೆಗಾಲಕ್ಕೆ ಮುಂಚೆ ಮನೆಗೆ ಬೀಗ ಹಾಕಿ ಗುಡ್ಡ ಹತ್ತಿದರು. ಬೀಗ ಹಾಕಿದರೇ ಹೊರತು ಯಾರೂ ತಾಯಿಕೊಡ ತೆಗೆಯಲಿಲ್ಲ. ತೆಗೆದವಳು ಒಬ್ಬಳೇ, ನನ್ನ ತಂಗಿ ಇಂದ್ರವ್ವ. ಕಂಕುಳಲ್ಲಿ ಒಂದು ಕೂಸು, ಕೈ ಹಿಡಿದು ಒಂದು ಕೂಸು, ತಲೆಯ ಮೇಲೆ ತಾಯಿಕೊಡ. ನಮ್ಮಕ್ಕ ಸುಮ್ಮನೆ ಬರೆಯುವವಳಲ್ಲ ಎಂದು ಓಣಿಗೆಲ್ಲ ಹೇಳುತ್ತ ಹೋದಳು.

ನಾನು ಹೋಗಲಿಲ್ಲ. ಇದನ್ನು ಬರೆಯಲು ಅರವತ್ತು ವರ್ಷ ಬೇಕಾಯಿತು. ನನ್ನ ಕಥೆಯನ್ನು ನಾನೇ ನಂಬಿರಲಿಲ್ಲ. ಶ್ರಾವಣದಲ್ಲಿ ಇಂದ್ರವ್ವ ಗುಡ್ಡ ಇಳಿದು ಬಂದಾಗ ನಾನು ಒಲೆಯ ಮುಂದೆ ಕೂತು ಶೇಂಗಾ ಹುರಿಯುತ್ತಿದ್ದೆ.

"ನೀ ಬರದಿ, ನಾ ನಂಬಿ ಕೂಸುಗಳನ್ನ ಹೊತಗೊಂಡು ಗುಡ್ಡ ಹತ್ತಿದೆ. ನೀ ಇಲ್ಲೇ ಆರಾಮ ಕುಂತೀಯಲ್ಲ ಯಕ್ಕಾ?" ಎಂದಳು.

"ಏ ಇಂದ್ರೀ, ಅದು ಕಥಿ ಅಲ್ಲೇನ?" ಎಂದೆ. ನಕ್ಕೆ ಕೂಡ.

ಅವಳು ಬಾಗಿಲಲ್ಲೇ ತಿರುಗಿ ಹೋದಳು. ಹೂಳಿನ ಹೊಲವನ್ನು ಒಂದು ಮಳೆಗಾಲ ಬಿತ್ತದೆ ಬಿಟ್ಟರೆ ಅದು ಬಿತ್ತಿದವರ ಪಾಲಾಗುವುದು ನಮ್ಮೂರ ರೂಢಿ. ಅವಳ ಹೊಲ ಹೋಯಿತು. ಉಳಿದ ಮೂವತ್ತೊಂಬತ್ತು ಮನೆಯವರು ಹೊಲಕ್ಕೆ ಓಡಾಡಿಕೊಂಡಿದ್ದು ದೀಪಾವಳಿಗೆ ವಾಪಸು ಬಂದರು, ಅವಳು ಬರಲಿಲ್ಲ. ಗುಡ್ಡದ ಮೇಲೇ ಮನೆ ಕಟ್ಟಿ, ಕುರಿ ಕಾಯ್ದು ಮಕ್ಕಳನ್ನು ಬೆಳೆಸಿದಳು. ಒಡ್ಡು ಅಲುಗಲಿಲ್ಲ. ಮುಂದಿನ ಯುಗಾದಿಗೆ ನಾನು ಅರವತ್ತೊಂದು ಎಸಳು ಬೇವು ತಿಂದೆ, ಒಂದು ಚೂರೂ ಬೆಲ್ಲವಿಲ್ಲ. ಬರೆದವಳ ಕೊಡವೇ ಅಲುಗಿರಲಿಲ್ಲ ಎಂದು ಜನ ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ನಮ್ಮೂರಲ್ಲಿ ಬುಡವಿಲ್ಲದ ಹೆದರಿಕೆಗೆ 'ಕಾಶವ್ವನ ಒಡ್ಡು' ಎಂಬ ಹೆಸರಾಯಿತು. ಜ್ವರ ಬಂತು ಎಂದು ಕೆಲಸ ತಪ್ಪಿಸುವವರಿಗೂ 'ಹೋಗೋ, ಕಾಶವ್ವನ ಒಡ್ಡು' ಎನ್ನುತ್ತಾರೆ. ಇಂದ್ರವ್ವ ಮದುವೆ ಮುಂಜಿಯಲ್ಲಿ ಸಿಕ್ಕರೆ 'ಆರಾಮ?' 'ಆರಾಮ' ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು. ಅದೇ ನನಗೆ ಬೇವಿಗಿಂತ ಕಹಿಯಾದದ್ದು.

ಸಂವತ್ಸರದ ಹೆಸರುಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಬರುವ ಯುಗಾದಿಗೆ ಮತ್ತೆ ಪ್ಲವ ಹುಟ್ಟುತ್ತದೆ. ನಾನು ಇಸವಿ ಬರೆಯದೆ ಬರೀ ಹೆಸರು ಬರೆದಿದ್ದರಿಂದ ರೂಢಿಯಂತೆ ಆ ಕಥೆಯನ್ನು ಮತ್ತೆ ಓದಲೇಬೇಕು. ಊರು ತಿಂಗಳಿಂದ ಇದೇ ಸಂಭ್ರಮದಲ್ಲಿದೆ. ನನ್ನ ಕೊರಳಿಗೆಂದು ಬೇವಿನ ಹಾರ ಕಟ್ಟುತ್ತಿದ್ದಾರಂತೆ. ಎದುರು ಮನೆಯ ಯಮನೂರಪ್ಪ, ಎಪ್ಪತ್ತು ದಾಟಿದರೂ ಹುಡುಗಾಟ ಬಿಟ್ಟಿಲ್ಲ, ದಿನಾ ಬೆಳಿಗ್ಗೆ ಗೋಡೆಗೆ ನೀರು ಹೊಯ್ಯುತ್ತ, "ಏನಬೇ ಯಕ್ಕಾ, ಒಡ್ಡು ಐತೋ ಹೋತೋ?" ಎಂದು ಕೂಗುತ್ತಾನೆ. "ಐತಿ, ನಿನ್ನ ಬಾಯಿ ಹೋಗಬೇಕು" ಎಂದು ನಾನು ಬೈಯುತ್ತೇನೆ. ನಲವತ್ತು ವರ್ಷದಿಂದ ನಮ್ಮಿಬ್ಬರ ಬೆಳಗು ಹೀಗೇ ಆಗುತ್ತದೆ.

ಮೊನ್ನೆ ಮಾಬೂಬಿ ಬಂದಳು. ಒಡ್ಡು ಕಾಯುವ ಕೆಲಸ ಅವಳದು, ಅವಳ ತಾಯಿಯದೂ ಅದೇ ಆಗಿತ್ತು. ಕೈಯಲ್ಲಿ ಒಂದು ಲೋಟ ಹಿಡಿದಿದ್ದಳು.

"ಕಾಶಜ್ಜಿ, ಇದನ್ನ ನೋಡು. ಒಡ್ಡಿನ ಬುಡದಾಗ ಬಸಿಯೋ ನೀರು. ಹ್ವಾದ ತಿಂಗಳತನಕ ತಿಳಿ ಇತ್ತು. ಈಗ ಚಾದ ಬಣ್ಣ ಬಂದೈತಿ."

ಬಸಿನೀರು ತಿಳಿಯಾಗಿದ್ದರೆ ಭಯವಿಲ್ಲ, ಕೆಂಪಾಗಿದ್ದರೆ ಒಡ್ಡು ಒಳಗಿನಿಂದ ಕರಗುತ್ತಿದೆ ಎಂದು ಒಡ್ಡಿನ ಬುಡದಲ್ಲಿ ಬೆಳೆದ ನನಗೆ ಗೊತ್ತು. "ಮಂದಿಗೆ ಹೇಳಿದ್ಯೇನವಾ?" ಎಂದೆ.

"ಮನಿ ಮನಿಗೆ ಹೋಗಿ ಹೇಳಿದೆ. ಈ ಮಳಿಗಾಲ ತಡಿಯಂಗಿಲ್ಲ, ಗುಡ್ಡಕ್ಕ ನಡೀರಿ ಅಂದೆ. ನಗತಾರ. ಕಾಶವ್ವನ ಒಡ್ಡು ಒಡೀತಂತೇನು ಮಾಬೂಬಿ, ಅಂತಾರ. ಲೋಟ ತೋರಿಸಿದ್ರ ಸಕ್ಕರಿ ಹಾಕಿಯೇನು ಅಂತಾರ. ನಾ ಏನ ಮಾಡ್ಲಿ ಅಜ್ಜಿ?" ಹೇಳುತ್ತ ಹೇಳುತ್ತ ಅತ್ತಳು. ಲೋಟ ಮಾತ್ರ ಕೆಳಗಿಡಲಿಲ್ಲ.

ಮುನ್ನೂರು ಮನೆಯ ಜನ ಸಾಯುವ ಜಾಗದಲ್ಲಿ ನಗುತ್ತ ಕೂತಿದ್ದಾರೆ, ಆ ನಗು ನಾನು ಕಲಿಸಿದ್ದು. ಕಥೆ ಬರೆಯದಿದ್ದರೆ ಅವಳ ಲೋಟ ನೋಡಿ ಎದ್ದು ಹೊರಡುತ್ತಿದ್ದರು. ಯುಗಾದಿಯ ಕಟ್ಟೆಯ ಮೇಲೆ ನಿಂತು ಈ ಸಲ ಖರೇ ಎಂದು ನಾನು ಕೂಗಿದರೆ ಇನ್ನೂ ಜೋರಾಗಿ ನಗುತ್ತಾರೆ. ಆ ನಗು ಬರೀ ಮಾತಿನಿಂದ ಹುಟ್ಟಿದ್ದಲ್ಲ, ಬರೀ ಮಾತಿನಿಂದ ಹೋಗುವುದೂ ಇಲ್ಲ. ಕೈ ನೋಯುತ್ತಿದೆ, ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಫಾಲ್ಗುಣ ಬಹುಳ ಅಮಾವಾಸ್ಯೆ
ಗುಡ್ಡದ ಮೇಲೆ

ಮೇಲಿನ ವಿಳಾಸ ಬದಲಾಗಿದ್ದು ನೋಡಿದಿರಲ್ಲ? ದ್ವಾದಶಿಯ ಬೆಳಿಗ್ಗೆ ಹೊರಟೆ. ಬೇಕೆಂದೇ ಊರೆಲ್ಲ ಬಾಗಿಲಲ್ಲಿ ನಿಂತು ಗೋಡೆಗೆ ನೀರು ಹೊಯ್ಯುವ ಹೊತ್ತನ್ನು ಆರಿಸಿಕೊಂಡೆ. ಮಾಬೂಬಿ ಕತ್ತೆಗಾಡಿ ತಂದಳು. ಹಾಸಿಗೆ, ಎರಡು ಸೀರೆ, ಮೂವತ್ತೊಂದು ಕಥೆಯ ಕಟ್ಟು ಇಟ್ಟಾಯಿತು. ಆಮೇಲೆ ಇಬ್ಬರೂ ಸೇರಿ ಹಾರೆಯಿಂದ ತಾಯಿಕೊಡ ಎಬ್ಬಿಸಿದೆವು. ನಮ್ಮ ಅಪ್ಪ ಕೂರಿಸಿದ ಕೊಡ ಅದು. ಕಿತ್ತ ಜಾಗದಿಂದ ಗೋಡೆಯ ನೀರೆಲ್ಲ ಬೀದಿಗೆ ಹರಿಯಿತು.

"ಏನಬೇ ಯಕ್ಕಾ, ಒಡ್ಡು ಐತೋ ಹೋತೋ?" ಎಂದು ಯಮನೂರಪ್ಪ ಕೂಗಿದ. ನಾನು ಬೈಯಲಿಲ್ಲ. ಆಗ ಅವನು ಕಣ್ಣೆತ್ತಿ ಗಾಡಿ ನೋಡಿದ.

"ತಾಯಿಕೊಡ ಯಾಕ ತಗದಿ?"

"ಹೊಂಟೆ ತಮ್ಮಾ, ಇಂದ್ರಿ ಮನಿಗೆ."

"ಹೊಳ್ಳಿ ಬರಂಗಿಲ್ಲೇನು?"

"ಇಲ್ಲೋ."

ಅವನು ಹೊಯ್ಯುತ್ತಿದ್ದ ನೀರು ತುಂಬಿ ಅವನ ಕಾಲ ಮೇಲೆ ಹರಿಯುತ್ತಿತ್ತು, ಅದನ್ನೂ ನೋಡಲಿಲ್ಲ. ಗಾಡಿ ಓಣಿಯುದ್ದಕ್ಕೂ ಹೋಯಿತು. ಒಬ್ಬರೂ ನಗಲಿಲ್ಲ. ಅರವತ್ತು ವರ್ಷದಲ್ಲಿ ನಾನು ಆ ಓಣಿಯಲ್ಲಿ ನಗು ಕೇಳದೆ ನಡೆದದ್ದು ಅದೇ ಮೊದಲು.

ಇಂದ್ರವ್ವ ಬಾಗಿಲಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದಳು. ಎಂಬತ್ತೆರಡಾದರೂ ಅವಳ ರೊಟ್ಟಿ ಇನ್ನೂ ಹಾಳೆಯಷ್ಟು ತೆಳ್ಳಗೆ. ನಾನು ಇಳಿದು ನಿಂತೆ. ಅವಳು ನನ್ನ ಮುಖ ನೋಡಲಿಲ್ಲ, ಗಾಡಿಯಲ್ಲಿದ್ದ ಕೊಡವನ್ನು ಬಹಳ ಹೊತ್ತು ನೋಡಿದಳು.

"ತಪ್ಪಾತು ಇಂದ್ರಿ," ಎಂದೆ. ಒಂದು ಜನ್ಮದಷ್ಟು ಬರೆದ ನನಗೆ ಅದಕ್ಕಿಂತ ಬೇರೆ ಮಾತು ಹೊಳೆಯಲಿಲ್ಲ.

"ಭಾಳ ತಡಾ ಮಾಡಿದಿ," ಎಂದಳು. "ಒಳಗ ಬಾ, ರೊಟ್ಟಿ ಆರ್ತಾವ."

ಮರುದಿನ ಮಾಬೂಬಿ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. ಯಮನೂರಪ್ಪ ಕೊಡ ತೆಗೆದ, ಅವನನ್ನು ನೋಡಿ ಅವನ ಬಲಕ್ಕಿರುವ ನಾಲ್ಕು ಮನೆಯವರೂ ತೆಗೆದರು ಎಂದಳು. ಇವತ್ತಿನವರೆಗೆ ನೂರಾ ಎಂಬತ್ತು ಮನೆ ಖಾಲಿಯಾಗಿವೆ. ಬಿತ್ತನೆಗೆ ಇಳಿದು ಬರುತ್ತೇವೆ, ಮಲಗುವುದು ಮಾತ್ರ ಮೇಲೆ ಎನ್ನುತ್ತಾರೆ, ಬಿತ್ತಲಾಗದವರ ಹೊಲವೂ ಅವರಿಗೇ ಉಳಿಯಲಿ ಎಂದು ಈ ಸಲ ಊರಿನವರೇ ಸೇರಿ ಹೊಲದ ರೂಢಿಯನ್ನೂ ಸಡಿಲಿಸಿದ್ದಾರೆ. ಇನ್ನೂ ನೂರಾ ಇಪ್ಪತ್ತು ಮನೆ ಉಳಿದಿವೆ. ಮಳೆಗೆ ಎರಡು ತಿಂಗಳ ಮೇಲಿದೆ. ನಾಳೆ ಕಟ್ಟೆಯ ಮೇಲೆ ಕಥೆ ಓದುವಾಗ ನಾನು ಮಾಬೂಬಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ಅವಳ ಕೈಯಲ್ಲಿ ಲೋಟ ಇರುತ್ತದೆ.

ಹಿರಿಯರೇ, ನಿಮ್ಮಲ್ಲಿ ಬಾರದ ಕಾಲದ ಕಥೆ ಬರೆಯುವವರಿಗೆ ನನ್ನದೊಂದು ಬೇಡಿಕೆ ತಲುಪಿಸಿ. ಬರೆಯಿರಿ, ಹೆದರಿಸಿರಿ, ಬೇಕಾದರೆ ಬಂಡಿಗಳನ್ನು ಹಾರಿಸಿರಿ, ಬೇವು ತಿಂದರೆ ಯಾರೂ ಸಾಯುವುದಿಲ್ಲ. ಆದರೆ ಜನರ ಮನೆ ಮುಳುಗಿಸುವ ಮುಂಚೆ ಒಮ್ಮೆ ಎದ್ದು ಹೋಗಿ ಒಡ್ಡಿನ ಬುಡ ಮುಟ್ಟಿ ನೋಡಿರಿ. ನಿಮ್ಮನ್ನು ನಂಬಿ ಗುಡ್ಡ ಹತ್ತುವವಳು ಒಬ್ಬಳಾದರೂ ಇರುತ್ತಾಳೆ, ಅವಳು ನಿಮ್ಮ ತಂಗಿಯೂ ಆಗಿರಬಹುದು.

ಈ ಓಲೆಯನ್ನು ಮಾಬೂಬಿ ಇಂದು ಸಂಜೆ ಬಾವಿಗೆ ಇಳಿದು ನಿಮ್ಮ ಪದರದಲ್ಲಿ, ಎರಡು ಗುಲಾಬಿ ಗೆರೆಗಳ ನಡುವೆ ಇಡುತ್ತಾಳೆ. ನಾನು ಇನ್ನು ಬರೆಯುವುದಿಲ್ಲ. ಬರುವ ವರ್ಷದ ತೀರ್ಪಿಗೆ ಬದುಕಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ. ಒಡ್ಡು ಈ ಸಲವೂ ನಿಲ್ಲಲಿ, ನನ್ನ ಕಥೆ ಎರಡನೆಯ ಸಲವೂ ಸುಳ್ಳಾಗಲಿ, ಅರವತ್ತೊಂದು ಎಸಳು ಬೇವನ್ನು ಹಲ್ಲಿಲ್ಲದ ಬಾಯಲ್ಲಿ ಮತ್ತೆ ಅಗಿಯುತ್ತೇನೆ. ಒಂದು ವೇಳೆ ಒಡ್ಡು ಹೋದರೂ, ಇಡೀ ತೆಗ್ಗಿನ ಓಣಿ ನನ್ನ ಮುಂದೆ ನಿಂತು ಕೂಗಲಿ. ಏನಾದರೂ ಕೂಗಲಿ, ಕೂಗುವವರಲ್ಲಿ ಒಬ್ಬರೂ ಕಡಿಮೆಯಾಗದಿರಲಿ.

ಶರಣು,
ಕಾಶವ್ವ